ಪಿಜಿ ರಿಸರ್ಚ್ ತರಬೇತಿ: ಸರ್ಟಿಫಿಕೇಟ್ ಸಿಕ್ಕಿತು, ಕೆಲಸ ಕಲಿಯೋದು ಎಲ್ಲಿ?

ಹೊಸನಗರ ಪಿಜಿ

ಎಲ್ಲರಿಗೂ ನಮಸ್ಕಾರ. ನಾನು ಕಮ್ಯುನಿಟಿ ಮೆಡಿಸಿನ್ ಎಂಡಿ, ಮೊದಲ ವರ್ಷ. ಊರು ಹೊಸನಗರ ತಾಲ್ಲೂಕು. ಓದುತ್ತಿರುವುದೂ ಮಲೆನಾಡಿನಲ್ಲೇ.

ಚೆನ್ನೈನ ಎನ್‌ಐಇ (ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆ) ನಡೆಸುವ ಬಿಸಿಬಿಆರ್ (ವೈದ್ಯಕೀಯ ಸಂಶೋಧನೆಯ ಮೂಲ ಪಾಠ) ಆನ್‌ಲೈನ್ ಕೋರ್ಸ್ ಮುಗಿಸಿದ್ದೇನೆ. ವಿಡಿಯೋ ಎಲ್ಲಾ ನೋಡಿದೆ, ಅಸೈನ್‌ಮೆಂಟ್ ಮಾಡಿದೆ, ಪರೀಕ್ಷೆ ಬರೆದೆ, ಪಾಸಾದೆ. ಪಾಠ ನಿಜವಾಗಿಯೂ ಚೆನ್ನಾಗಿತ್ತು. ಆದರೆ ನನ್ನ ಥೀಸಿಸ್‌ನ ಸಿನಾಪ್ಸಿಸ್ (ಮುಂದೆ ಮಾಡುವ ಕೆಲಸದ ಯೋಜನೆ) ಬರೆಯಲು ಕೂತಾಗ ಕೈ ಓಡಲಿಲ್ಲ.

ವಿಷಯ ಇದು: ಮಂಗನ ಕಾಯಿಲೆ ಬರುವ ಊರುಗಳಲ್ಲಿ, ಕಾಡಿಗೆ ಹೋಗುವವರ ಪೈಕಿ ಎಷ್ಟು ಜನ ಉಣುಗು (ರಕ್ತ ಹೀರುವ ಸಣ್ಣ ಹುಳ, ಈ ಕಾಯಿಲೆ ಹರಡುವುದು ಇದೇ) ಕಚ್ಚದ ಹಾಗೆ ಡೆಪಾ ಎಣ್ಣೆ ಹಚ್ಚಿಕೊಳ್ಳುತ್ತಾರೆ? ಹಳೆಯ ಲಸಿಕೆ 2022ರಿಂದ ಕೊಡುತ್ತಿಲ್ಲ. ಈಗ ಜನರ ಕೈಯಲ್ಲಿ ಇರುವುದು ಎಣ್ಣೆ, ಮೈ ತುಂಬಾ ಬಟ್ಟೆ, ಬಂದ ಮೇಲೆ ಬಿಸಿನೀರ ಸ್ನಾನ, ಇಷ್ಟೇ. ಹಾಗಾಗಿ ಈ ಪ್ರಶ್ನೆ ನನಗೆ ತುಂಬಾ ಮುಖ್ಯ. ನಮ್ಮ ಅಜ್ಜಿಯ ಊರಲ್ಲೂ ಮಂಗ ಸತ್ತು ಬಿದ್ದದ್ದನ್ನು ಚಿಕ್ಕವಳಿದ್ದಾಗ ನೋಡಿದ್ದೇನೆ.

ಸ್ಯಾಂಪಲ್ ಸೈಜ್ (ಎಷ್ಟು ಜನರನ್ನು ಕೇಳಬೇಕು ಅನ್ನುವ ಲೆಕ್ಕ) 384 ಅಂತ ಹಾಕಿದ್ದೇನೆ. ಪ್ರಶ್ನಾವಳಿ ಬರೆದಿದ್ದೇನೆ. ಒಪ್ಪಿಗೆ ಪತ್ರವೂ ಆಗಿದೆ. ಸರಿ ಇದೆಯಾ ಗೊತ್ತಿಲ್ಲ. ಬೆಂಗಳೂರಿನಲ್ಲಿ 2 ದಿನದ ವರ್ಕ್‌ಶಾಪ್‌ಗಳು ಇರುತ್ತವೆ. ರಜೆ ಹಾಕಿ, ದುಡ್ಡು ಕಟ್ಟಿ ಹೋಗಬೇಕಾ? ಇಲ್ಲೇ ಇದ್ದುಕೊಂಡು ಕಲಿಯಲು ಏನು ಮಾಡಬಹುದು? ದಾಟಿ ಬಂದವರು ಹೇಳಿ.

ರಾತ್ರಿ ಡ್ಯೂಟಿ

ಮೊದಲು ಕಡ್ಡಾಯದ ವಿಷಯ ಮುಗಿಸಿಬಿಡುತ್ತೇನೆ. 2023ರ ಪಿಜಿ ನಿಯಮದಲ್ಲಿ ರಿಸರ್ಚ್ ಮೆಥಡಾಲಜಿ, ಎಥಿಕ್ಸ್ ಜೊತೆಗೆ ಜಿಸಿಪಿ (ರೋಗಿಗಳ ಮೇಲೆ ಸಂಶೋಧನೆ ಮಾಡುವಾಗಿನ ನಿಯಮ), ಮತ್ತೆ ಹೃದಯ ನಿಂತಾಗ ಜೀವ ಉಳಿಸುವ ಬಿಎಲ್‌ಎಸ್, ಎಸಿಎಲ್‌ಎಸ್ ತರಬೇತಿ ಇವೆ. ಇವಿಲ್ಲದೆ ಕೊನೆಯ ಪರೀಕ್ಷೆಗೆ ಕೂರಿಸುವುದಿಲ್ಲ. ಅದರ ಜೊತೆ 3 ತಿಂಗಳ ಡಿಆರ್‌ಪಿ (ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡುವ) ಪೋಸ್ಟಿಂಗ್ 3ರಿಂದ 5ನೇ ಸೆಮಿಸ್ಟರ್ ಒಳಗೆ ಬರುತ್ತದೆ. ಆ 3 ತಿಂಗಳು ನಿಮ್ಮ ಡೇಟಾ ಕಲೆಕ್ಷನ್ ಮಧ್ಯೆ ಬಂದು ಬೀಳದ ಹಾಗೆ ಈಗಲೇ ಗೈಡ್ ಹತ್ತಿರ ಮಾತಾಡಿಕೊಳ್ಳಿ.

ಈಗ ನನ್ನ ಕಥೆ. ನಾನು ಅನಸ್ತೇಶಿಯಾ. ಎರಡು ಔಷಧಿಗಳನ್ನು ಹೋಲಿಸಿ ನೋಡುವ ಟ್ರಯಲ್ ಮಾಡಿದೆ. ಎಥಿಕ್ಸ್ ಕಮಿಟಿ ಒಪ್ಪಿಗೆ ಸಿಕ್ಕಿದ ಕೂಡಲೇ ರೋಗಿಗಳನ್ನು ಸೇರಿಸಿಕೊಳ್ಳಲು ಶುರು ಮಾಡಿಬಿಟ್ಟೆ. ಸಿಟಿಆರ್‌ಐ (ದೇಶದ ಟ್ರಯಲ್‌ಗಳ ನೋಂದಣಿ ಪಟ್ಟಿ) ರಿಜಿಸ್ಟ್ರೇಷನ್ ಆಮೇಲೆ ಮಾಡಿದರಾಯಿತು ಅಂದುಕೊಂಡಿದ್ದೆ. 2018ರ ಏಪ್ರಿಲ್ 1ರಿಂದ ಅಲ್ಲಿ ಮೊದಲ ರೋಗಿಯನ್ನು ಸೇರಿಸುವ ಮುಂಚೆಯೇ ರಿಜಿಸ್ಟರ್ ಆಗಬೇಕು, ಆಮೇಲೆ ತೆಗೆದುಕೊಳ್ಳುವುದಿಲ್ಲ. ನನಗೆ ಇದು ಗೊತ್ತಾಗುವ ಹೊತ್ತಿಗೆ 40 ಜನ ಆಗಿದ್ದರು. ಕಮಿಟಿಗೆ ಇದ್ದದ್ದು ಇದ್ದಹಾಗೆ ತಿಳಿಸಿ, ಆ 40 ಜನರ ಮಾಹಿತಿ ಬಿಟ್ಟು, ಮೊದಲಿನಿಂದ ಶುರು ಮಾಡಬೇಕಾಯಿತು. ಆ ರೋಗಿಗಳು ನನ್ನನ್ನು ನಂಬಿ ಸಹಿ ಹಾಕಿದ್ದರು. ಅವರು ಕೊಟ್ಟ ಸಮಯ ಯಾವ ಉಪಯೋಗಕ್ಕೂ ಬರಲಿಲ್ಲ. ಅದು ಈಗಲೂ ನನಗೆ ನೋವು.

ನಿಮ್ಮದು ಔಷಧಿ ಕೊಡುವ ಸ್ಟಡಿ ಅಲ್ಲ, ಹಾಗಾಗಿ ಸಿಟಿಆರ್‌ಐ ಕಡ್ಡಾಯ ಅಲ್ಲ. ಆದರೆ ಬೇರೆ ಪಿಜಿಗಳೂ ಇದನ್ನು ಓದುತ್ತಾರೆ ಅಂತ ಬರೆದೆ.

ಮಾಸ್ಟರ್ ಚಾರ್ಟ್

384 ನೋಡಿದ ಕೂಡಲೇ ಒಂದು ಪ್ರಶ್ನೆ. ಜನರನ್ನು ಹೇಗೆ ಆರಿಸುತ್ತೀರಿ? ತಾಲ್ಲೂಕಿನ ಪಟ್ಟಿಯಿಂದ ಒಬ್ಬೊಬ್ಬರನ್ನೇ ಚೀಟಿ ಎತ್ತಿ ಆರಿಸುತ್ತೀರಾ, ಅಥವಾ ಮೊದಲು ಊರುಗಳನ್ನು ಆರಿಸಿ ಆಮೇಲೆ ಆ ಊರಿನ ಮನೆಗಳಿಗೆ ಹೋಗುತ್ತೀರಾ?

ಹೊಸನಗರ ಪಿಜಿ

ಊರುಗಳನ್ನು ಆರಿಸಿ ಆಮೇಲೆ ಮನೆಗಳಿಗೆ ಹೋಗುತ್ತೇನೆ ಮೇಡಂ. ಒಬ್ಬೊಬ್ಬರನ್ನೇ ಹುಡುಕಿಕೊಂಡು ಇಡೀ ತಾಲ್ಲೂಕು ಸುತ್ತಲು ಆಗುವುದಿಲ್ಲ.

ಮಾಸ್ಟರ್ ಚಾರ್ಟ್

ಹಾಗಾದರೆ 384 ಸಾಲುವುದಿಲ್ಲ. ಯಾಕೆ ಅಂತ ಸ್ವಲ್ಪ ನಿಧಾನವಾಗಿ ಬರೆಯುತ್ತೇನೆ. ಇದನ್ನು ಯಾರೂ ಕೂತು ಹೇಳಿಕೊಡುವುದಿಲ್ಲ.

ನೀವು ಹಾಕಿದ ಲೆಕ್ಕ ಹೀಗಿದೆ. ಎಣ್ಣೆ ಹಚ್ಚುವವರು ಎಷ್ಟು ಅಂತ ಮೊದಲೇ ಗೊತ್ತಿಲ್ಲ, ಅದಕ್ಕೆ 50% ಅಂತ ಹಿಡಿದಿರಿ. ಆಚೀಚೆ 5% ತಪ್ಪಾದರೂ ಪರವಾಗಿಲ್ಲ ಅಂದಿರಿ. 1.96ರ (95% ಖಚಿತವಾಗಿರಲು ಬಳಸುವ ಸಂಖ್ಯೆ) ವರ್ಗ ಗುಣಿಸು 0.5 ಗುಣಿಸು 0.5, ಅದನ್ನು 0.05ರ ವರ್ಗದಿಂದ ಭಾಗಿಸಿದರೆ 384.16. ಅರ್ಧ ಮನುಷ್ಯರನ್ನು ಕೇಳಲು ಆಗದ ಕಾರಣ 385 ಅಂತ ಬರೆಯಬೇಕು. ಅದು ಸಣ್ಣ ವಿಷಯ.

ದೊಡ್ಡ ವಿಷಯ ಬೇರೆ ಇದೆ. ಈ ಲೆಕ್ಕ ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಆರಿಸಿದಾಗ ಮಾತ್ರ ಸರಿ. ಒಂದೇ ಊರಿನ 15 ಜನರನ್ನು ಕೇಳಿದರೆ 15 ಹೊಸ ಸುದ್ದಿ ಸಿಗುವುದಿಲ್ಲ. ಒಂದು ಊರಲ್ಲಿ ಆಶಾ ಕಾರ್ಯಕರ್ತೆ ಮನೆ ಮನೆಗೆ ಎಣ್ಣೆ ಬಾಟಲಿ ತಲುಪಿಸಿ, ಹಚ್ಚುವುದು ಹೇಗೆ ಅಂತ ತೋರಿಸಿರುತ್ತಾರೆ. ಅಲ್ಲಿ ಎಲ್ಲರೂ ಹಚ್ಚುತ್ತಾರೆ. ಹಳ್ಳ ದಾಟಿದರೆ ಸಿಗುವ ಪಕ್ಕದ ಊರಿಗೆ ಮಳೆ, ರಸ್ತೆ ಅಂತ ಯಾರೂ ತಲುಪಿರುವುದಿಲ್ಲ. ಅಲ್ಲಿ ಯಾರ ಮನೆಯಲ್ಲೂ ಇರುವುದಿಲ್ಲ. ಅಂದರೆ ಒಂದು ಊರಿನವರ ಉತ್ತರ ಒಂದೇ ಥರ ಇರುತ್ತದೆ. ಅದಕ್ಕೇ ಲೆಕ್ಕವನ್ನು ಡಿಸೈನ್ ಎಫೆಕ್ಟ್‌ನಿಂದ ಗುಣಿಸಬೇಕು. ಮೊದಲಿನ ಅಂದಾಜು ಇಲ್ಲದಿದ್ದರೆ ಸಾಮಾನ್ಯವಾಗಿ 2 ಅಂತ ಹಿಡಿಯುತ್ತಾರೆ. ಲಸಿಕೆ ಸರ್ವೆಗಳಿಗೆ ಡಬ್ಲ್ಯುಎಚ್‌ಒ ಬಳಕೆಗೆ ತಂದ 30 ಊರು, ಊರಿಗೆ 7 ಮಕ್ಕಳು ಅನ್ನುವ ಪದ್ಧತಿಯ ಹಿಂದೆಯೂ ಇದೇ 2 ಇದೆ.

ಈಗ 384.16 ಗುಣಿಸು 2 ಅಂದರೆ 769 ಜನ. ಒಬ್ಬಳೇ ಪಿಜಿ, ಒಂದು ಸೀಸನ್. ಆಗುವ ಕೆಲಸ ಅಲ್ಲ. ಆಗದ್ದನ್ನು ಬರೆದು ಆಮೇಲೆ ಮನೆಯಲ್ಲಿ ಕೂತು ಫಾರಂ ತುಂಬುವ ಪರಿಸ್ಥಿತಿಗೆ ಬರಬೇಡಿ. ಅದರ ಬದಲು 5% ಬಿಟ್ಟು 7% ತಪ್ಪು ಒಪ್ಪಿಕೊಳ್ಳಿ. ಆಗ 196 ಬರುತ್ತದೆ. 2ರಿಂದ ಗುಣಿಸಿದರೆ 392. ನೂರರಲ್ಲಿ 10 ಜನ ಉತ್ತರ ಕೊಡದೆ ಹೋಗಬಹುದು ಅಂತ ಹಿಡಿದರೆ 436. ಊರಿಗೆ 15ರಂತೆ 30 ಊರು ಅಂದರೆ 450. ಇದನ್ನು ಗೈಡ್ ಮುಂದೆ ಇಡಿ. 7% ಯಾಕೆ ಅಂತ ಕೇಳಿದರೆ ನಿಮ್ಮ ಹತ್ತಿರ ಉತ್ತರ ಇದೆ.

ಬಾಳೆಹೊನ್ನೂರು ಕಡೆಯವನು

ಮೇಡಂ, ಇದನ್ನು ಓದಿ ನನಗೆ ಸಂಕಟ ಆಯಿತು. ನಾನು ಮೂರು ವರ್ಷದ ಹಿಂದೆ ಸ್ಯಾಂಪಲ್ ಸೈಜ್, ಅನಾಲಿಸಿಸ್ ಎಲ್ಲವನ್ನೂ ಹೊರಗೆ ಒಬ್ಬರಿಗೆ ದುಡ್ಡು ಕೊಟ್ಟು ಮಾಡಿಸಿದೆ. ಹೆಸರು ಬೇಡ. ಟೇಬಲ್‌ಗಳು ಚಂದ ಬಂದವು. ವೈವಾದಲ್ಲಿ ಹೊರಗಿನಿಂದ ಬಂದ ಎಕ್ಸಾಮಿನರ್ ಒಂದೇ ಪ್ರಶ್ನೆ ಕೇಳಿದರು: "ಇಲ್ಲಿ ಪೇರ್ಡ್ ಟಿ ಟೆಸ್ಟ್ ಯಾಕೆ ಹಾಕಿದಿರಿ? ಇವು ಎರಡು ಬೇರೆ ಬೇರೆ ಗುಂಪು ಅಲ್ವಾ?" ನನಗೆ ಉತ್ತರ ಬರಲಿಲ್ಲ. ಅದು ಒಂದೇ ಗುಂಪನ್ನು ಎರಡು ಸಲ ಅಳೆದಾಗ ಹಾಕುವ ಟೆಸ್ಟ್, ನನ್ನದಕ್ಕೆ ನಿಜವಾಗಿಯೂ ತಪ್ಪು ಟೆಸ್ಟ್. ಪಾಸ್ ಮಾಡಿದರು. ಆದರೆ ನನ್ನ ಹೆಸರಲ್ಲಿ ಲೈಬ್ರರಿಯಲ್ಲಿ ಇರುವ ಆ ಪುಸ್ತಕದಲ್ಲಿ ತಪ್ಪು ಹಾಗೇ ಇದೆ.

ಸ್ಟ್ಯಾಟಿಸ್ಟಿಷಿಯನ್ ಸಹಾಯ ಬೇಕು, ತಪ್ಪಲ್ಲ. ಜೊತೆಗೆ ಕೂತು ಮಾಡಿಸಿಕೊಳ್ಳಿ. ಕೊಟ್ಟು ಬರಬೇಡಿ.

ಮಾಸ್ಟರ್ ಚಾರ್ಟ್

ನೀವು ಇದನ್ನು ಹೇಳಿಕೊಂಡಿದ್ದೇ ದೊಡ್ಡದು. ಅದೇ ಡೇಟಾ ಇನ್ನೂ ಇದ್ದರೆ ಈಗ ಸರಿಯಾದ ಟೆಸ್ಟ್ ಹಾಕಿ ನೋಡಿ. ಆರ್ ಸಾಫ್ಟ್‌ವೇರ್ ಪುಕ್ಕಟೆ. ಕಲಿಯಲು ಸ್ವಂತ ಡೇಟಾದಷ್ಟು ಒಳ್ಳೆಯ ಪಾಠ ಬೇರೆ ಇಲ್ಲ.

ಹೊಸನಗರದವರಿಗೆ ಇನ್ನೊಂದು ಮಾತು. ನಾನು 11 ವರ್ಷದಿಂದ ಪಿಜಿಗಳ ಮಾಸ್ಟರ್ ಚಾರ್ಟ್ (ಎಲ್ಲರ ಮಾಹಿತಿ ತುಂಬಿದ ಹಾಳೆ) ನೋಡುತ್ತಿದ್ದೇನೆ. ಟೆಸ್ಟ್ ತಪ್ಪುವುದಕ್ಕಿಂತ ಹಾಳೆ ತಪ್ಪುವುದೇ ಜಾಸ್ತಿ. ವಯಸ್ಸಿನ ಕಾಲಂನಲ್ಲಿ ಒಂದು ಕಡೆ 45, ಇನ್ನೊಂದು ಕಡೆ "45 ವರ್ಷ", ಮತ್ತೊಂದು ಕಡೆ "45-50". ಕಂಪ್ಯೂಟರ್‌ಗೆ ಇವು ಮೂರೂ ಬೇರೆ. ಬಣ್ಣ ಹಚ್ಚಿ ಗುರುತು ಮಾಡಿರುತ್ತಾರೆ, ಬಣ್ಣವನ್ನು ಯಾವ ಟೆಸ್ಟೂ ಓದುವುದಿಲ್ಲ. ಇನ್ನು ತಾರೀಕು. 03/07 ಅಂದರೆ ನಮಗೆ ಜುಲೈ 3, ಅಮೆರಿಕದ ಸೆಟ್ಟಿಂಗ್ ಇರುವ ಎಕ್ಸೆಲ್‌ಗೆ ಮಾರ್ಚ್ 7. ಜ್ವರ ಬಂದ ದಿನಕ್ಕಿಂತ ಮುಂಚೆಯೇ ಆಸ್ಪತ್ರೆಗೆ ಸೇರಿದ ರೋಗಿಗಳನ್ನು ನಾನು ಎಷ್ಟೋ ಹಾಳೆಯಲ್ಲಿ ನೋಡಿದ್ದೇನೆ.

ಒಬ್ಬರಿಗೆ ಒಂದು ಸಾಲು, ಒಂದು ವಿಷಯಕ್ಕೆ ಒಂದು ಕಾಲಂ. ಹೆಸರು, ಫೋನ್ ನಂಬರ್ ಬೇರೆ ಫೈಲ್‌ನಲ್ಲಿ ಬೀಗ ಹಾಕಿ ಇಡಿ. ನನಗೆ ವಾಟ್ಸಾಪ್‌ನಲ್ಲಿ ರೋಗಿಗಳ ಹೆಸರಿರುವ ಹಾಳೆ ಕಳಿಸುವವರು ಈಗಲೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ನಿಮ್ಮ ಊರುಗಳಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಮಾಹಿತಿ ತುಂಬುವ ಆ್ಯಪ್‌ಗಳಾದ ಕೋಬೋ ಅಥವಾ ಎಪಿಕಲೆಕ್ಟ್ ಫೋನ್‌ಗೆ ಹಾಕಿಕೊಳ್ಳಿ. ನೆಟ್ ಇಲ್ಲದಿದ್ದರೂ ಫಾರಂ ತುಂಬಬಹುದು, ಪೇಟೆಗೆ ಬಂದ ಮೇಲೆ ಕಳಿಸಬಹುದು. ವಯಸ್ಸು 18ರಿಂದ 110ರ ಒಳಗೆ ಮಾತ್ರ ಅಂತ ಮೊದಲೇ ಕಟ್ಟು ಹಾಕಿದರೆ 450 ಅಂತ ವಯಸ್ಸು ಬೀಳುವುದಿಲ್ಲ. ನಿಜವಾದ ಕೆಲಸಕ್ಕೆ ಮುಂಚೆ 20 ಜನರ ಮೇಲೆ ಪೈಲಟ್ ಮಾಡಿ, ಆ 20 ಜನರ ಹಾಳೆಯಿಂದಲೇ ಎಲ್ಲಾ ಟೇಬಲ್ ಹಾಕಿ ನೋಡಿ. ಯಾವ ಪ್ರಶ್ನೆ ಕೇಳುವುದು ಮರೆತಿದ್ದೀರಿ ಅಂತ ಆಗಲೇ ಗೊತ್ತಾಗುತ್ತದೆ.

ಶಂಕರಘಟ್ಟ ಲ್ಯಾಬ್

ನಾನು ಎಂಡಿ ಅಲ್ಲ, ಮೈಕ್ರೋಬಯಾಲಜಿ ಎಂಎಸ್ಸಿ ಮಾಡಿ ಈಗ ಪಿಎಚ್‌ಡಿ. ನಮ್ಮ ಕಡೆಯದೂ ಸೇರಿಸುತ್ತೇನೆ.

ನಮಗೆ ಪಿಎಚ್‌ಡಿ ಕೋರ್ಸ್‌ವರ್ಕ್ ಇದೆ. ಅದರಲ್ಲಿ ಯುಜಿಸಿ 2019ರಲ್ಲಿ ತಂದ ರಿಸರ್ಚ್ ಆಂಡ್ ಪಬ್ಲಿಕೇಷನ್ ಎಥಿಕ್ಸ್ ಅನ್ನುವ 2 ಕ್ರೆಡಿಟ್ ಕೋರ್ಸ್ ಕಡ್ಡಾಯ. ಕದಿಯಬಾರದು, ಇಲ್ಲದ ಡೇಟಾ ಹುಟ್ಟಿಸಬಾರದು, ದುಡ್ಡು ಕೊಟ್ಟರೆ ವಾರದಲ್ಲಿ ಛಾಪಿಸುವ ಜರ್ನಲ್‌ಗಳಿಂದ ದೂರ ಇರಬೇಕು, ಇವೆಲ್ಲಾ ಅದರಲ್ಲಿವೆ. ಒಳ್ಳೆಯದೇ. ಆದರೆ ನನ್ನನ್ನು ಕಾಪಾಡಿದ್ದು ಲ್ಯಾಬ್ ನೋಟ್‌ಬುಕ್ ಬರೆಯುವ ಅಭ್ಯಾಸ. ಅದನ್ನು ಕಲಿಸಿದ್ದು ಯಾವ ಕೋರ್ಸೂ ಅಲ್ಲ, ನಮ್ಮ ಸೀನಿಯರ್ ಅಕ್ಕ. ಪೆನ್ನಿನಲ್ಲಿ ಬರೆಯಬೇಕು, ಆ ದಿನವೇ ಬರೆಯಬೇಕು, ತಪ್ಪಾದರೆ ಒಂದು ಗೆರೆ ಎಳೆದು ಸಹಿ ಹಾಕಬೇಕು, ಹಾಳೆ ಹರಿಯಬಾರದು. ಜುಲೈ ಮಳೆಗೆ ಕರೆಂಟ್ ಹೋಗಿ ಫ್ರೀಜರ್ ಬಿಸಿಯಾದಾಗ, ಯಾವ ಸ್ಯಾಂಪಲ್ ಎಷ್ಟು ಹೊತ್ತು ಹೊರಗಿತ್ತು ಅಂತ ಆ ಪುಸ್ತಕದಿಂದಲೇ ಗೊತ್ತಾಯಿತು. ಕೆಟ್ಟಿರಬಹುದಾದ 12 ಟ್ಯೂಬ್ ಬಿಟ್ಟೆ. ಪುಸ್ತಕ ಇಲ್ಲದಿದ್ದರೆ ಎಲ್ಲವನ್ನೂ ಬಿಸಾಡಬೇಕಿತ್ತು, ಇಲ್ಲ ಎಲ್ಲವನ್ನೂ ನಂಬಬೇಕಿತ್ತು.

ಪೇಪರ್ ಹುಡುಕಲು: ರಾಜೀವ್ ಗಾಂಧಿ ಆರೋಗ್ಯ ವಿವಿಯ ಕಾಲೇಜಿನವರಿಗೆ ಹೆಲಿನೆಟ್ ಆನ್‌ಲೈನ್ ಲೈಬ್ರರಿ ಇದೆ, ಲೈಬ್ರರಿಯಲ್ಲಿ ಲಾಗಿನ್ ಕೇಳಿ. ಓದಿದ ಪೇಪರ್‌ಗಳನ್ನು ಜೋಡಿಸಿಡುವ ಝೋಟೆರೋ ಮೊದಲ ದಿನದಿಂದಲೇ ಬಳಸಿ.

ಸೊಪ್ಪಿನಬೆಟ್ಟ

ನಾನು ಡಾಕ್ಟರ್ ಅಲ್ಲ. ಸಾಗರ ತಾಲ್ಲೂಕಿನ ಅಡಿಕೆ ಬೆಳೆಗಾರ. ಮಗ ಮೆಡಿಕಲ್ ಓದುತ್ತಿದ್ದಾನೆ, ಅವನು ಇದನ್ನು ತೋರಿಸಿದ. ಬರೆಯಬಹುದು ಅಲ್ವಾ?

ಕೆಲವು ವರ್ಷದ ಹಿಂದೆ ನಮ್ಮ ಕಡೆ ಮಂಗನ ಕಾಯಿಲೆ ಜೋರಾಗಿತ್ತು. 2018-19ರಲ್ಲಿ ಅರಳಗೋಡು ಸುತ್ತಮುತ್ತ ಆದದ್ದು ನಿಮಗೆಲ್ಲಾ ಗೊತ್ತೇ ಇದೆ. ಆ ಮೇಲೆ ನಮ್ಮ ಮನೆಗೆ ಓದುವ ಮಕ್ಕಳು ಬಂದರು. ಎಲ್ಲಿಂದ ಅಂತ ಹೇಳುವುದಿಲ್ಲ. ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ರಕ್ತ ತೆಗೆದರು. ಕಾಫಿ ಕುಡಿದು ಹೋದರು. ಒಳ್ಳೆಯ ಮಕ್ಕಳೇ. ಆದರೆ ಆ ರಕ್ತದಲ್ಲಿ ಏನು ಬಂತು ಅಂತ ಇವತ್ತಿಗೂ ನಮಗೆ ಗೊತ್ತಿಲ್ಲ. ನನ್ನ ಹೆಂಡತಿ ಎರಡು ತಿಂಗಳು ದಿನಾ ಕೇಳಿದಳು, "ಏನಾದರೂ ಇದ್ದಿದ್ದರೆ ಹೇಳುತ್ತಿದ್ದರು ಅಲ್ವಾ?" ಅಂತ. ಆ ಕಾಗದದಲ್ಲಿ ಏನಿತ್ತು ಅಂತಲೂ ನೆನಪಿಲ್ಲ. ಒಂದು ಪ್ರತಿ ನಮಗೆ ಕೊಟ್ಟಿರಲಿಲ್ಲ.

ನಿಮ್ಮ ತರಬೇತಿಯಲ್ಲಿ ಇದು ಇರುತ್ತದಾ ತಂಗಿ?

ಹೊಸನಗರ ಪಿಜಿ

ಅಣ್ಣಾ, ಇರುತ್ತದೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಎಥಿಕ್ಸ್ ಮಾರ್ಗಸೂಚಿಯಲ್ಲಿ ಇದೆಲ್ಲಾ ಇದೆ. ಮಾಹಿತಿ ಪತ್ರ ನಿಮ್ಮ ಭಾಷೆಯಲ್ಲಿ ಇರಬೇಕು, ನಿಮ್ಮ ಕೈಗೆ ಒಂದು ಪ್ರತಿ ಕೊಡಬೇಕು, ಓದಲು ಬಾರದವರಿಗೆ ನಮ್ಮ ಸ್ಟಡಿಗೆ ಸಂಬಂಧ ಇಲ್ಲದ ಸಾಕ್ಷಿಯ ಮುಂದೆ ಓದಿ ಹೇಳಿ ಹೆಬ್ಬೆಟ್ಟು ಹಾಕಿಸಬೇಕು. ನಾನು ಪರೀಕ್ಷೆಯಲ್ಲಿ ಇದನ್ನೆಲ್ಲಾ ಸರಿ ಬರೆದೆ. ಆದರೆ ನಿಮ್ಮ ಪತ್ರ ಓದಿ ನನ್ನ ಒಪ್ಪಿಗೆ ಪತ್ರ ತೆಗೆದು ನೋಡಿದರೆ ಹೀಗಿದೆ: "ತಾವು ಸ್ವಯಂಪ್ರೇರಿತರಾಗಿ ಸದರಿ ಅಧ್ಯಯನದಲ್ಲಿ ಭಾಗವಹಿಸುತ್ತಿದ್ದು, ಯಾವುದೇ ಹಂತದಲ್ಲಿ ಸಮ್ಮತಿಯನ್ನು ಹಿಂಪಡೆಯುವ ಹಕ್ಕನ್ನು ಹೊಂದಿರುತ್ತೀರಿ." ನಮ್ಮ ಅಜ್ಜಿಗೆ ಫೋನ್ ಮಾಡಿ ಓದಿ ಹೇಳಿದೆ. "ಯಾರ ಮೇಲೆ ಕೇಸ್ ಹಾಕಿದ್ದಾರೆ?" ಅಂತ ಹೆದರಿಕೊಂಡು ಕೇಳಿದರು.

ಈಗ ಹೀಗೆ ಬದಲಾಯಿಸಿದ್ದೇನೆ: "ಇಷ್ಟ ಇದ್ದರೆ ಮಾತ್ರ ಸೇರಿ. ಮಧ್ಯದಲ್ಲಿ ಬೇಡ ಅನ್ನಿಸಿದರೆ ಆಗಲೇ ಬಿಡಬಹುದು, ಕಾರಣ ಹೇಳಬೇಕಾಗಿಲ್ಲ. ಬಿಟ್ಟರೂ ನಿಮಗೆ ಸಿಗುವ ಎಣ್ಣೆ, ಔಷಧಿ, ಚಿಕಿತ್ಸೆ ಯಾವುದೂ ಕಡಿಮೆ ಆಗುವುದಿಲ್ಲ." ನನ್ನದರಲ್ಲಿ ರಕ್ತ ತೆಗೆಯುವುದಿಲ್ಲ. ಆದರೂ ಕೊನೆಗೆ ಏನು ಗೊತ್ತಾಯಿತು ಅಂತ ಪ್ರತಿ ಊರಿಗೆ ಹೋಗಿ ಹೇಳುತ್ತೇನೆ ಅಂತ ಪತ್ರದಲ್ಲೇ ಬರೆದಿದ್ದೇನೆ.

ಮಾಸ್ಟರ್ ಚಾರ್ಟ್

ಆ ಸಾಲನ್ನು ಬೇರೆಯವರಿಂದ ಮತ್ತೆ ಇಂಗ್ಲಿಷ್‌ಗೆ ತಿರುಗಿಸಿ ಕಮಿಟಿಗೆ ಕೊಡಿ. ಮೂಲದ ಅರ್ಥ ಉಳಿದಿದೆ ಅಂತ ಅವರಿಗೂ ಗೊತ್ತಾಗಬೇಕು. ಪ್ರಶ್ನಾವಳಿಯನ್ನೂ ಇಲ್ಲಿ ಹಾಕಿ, ನೋಡೋಣ.

ಹೊಸನಗರ ಪಿಜಿ

ಮುಖ್ಯವಾದವು ಎರಡು.
"ನೀವು ಕಾಡಿಗೆ ಹೋಗುತ್ತೀರಾ?" ಹೌದು ಅಂದವರಿಗೆ ಮಾತ್ರ ಮುಂದಿನದು.
"ಕಾಡಿಗೆ ಹೋಗುವಾಗ ಡೆಪಾ ಎಣ್ಣೆ ಹಚ್ಚಿಕೊಳ್ಳುತ್ತೀರಾ?"

ಮಾಸ್ಟರ್ ಚಾರ್ಟ್

ಎರಡನೆಯದಕ್ಕೆ ಎಲ್ಲರೂ ಹೌದು ಅನ್ನುತ್ತಾರೆ. ಡಾಕ್ಟರ್ ಮನೆಗೆ ಬಂದು ಕೇಳಿದರೆ ಇಲ್ಲ ಅನ್ನಲು ಸಂಕೋಚ. ಹಿಂದಿನ ಸಲದ ಬಗ್ಗೆ ಕೇಳಿ. "ಕೊನೆಯ ಸಲ ಹೋಗಿದ್ದು ಯಾವಾಗ? ಆ ದಿನ ಹಚ್ಚಿದ್ದಿರಾ? ಬಾಟಲಿ ಇದ್ದರೆ ತೋರಿಸುತ್ತೀರಾ?" ಸೀಲ್ ಒಡೆಯದ ಬಾಟಲಿ ಸಿಕ್ಕಿದರೆ ಅದೂ ಒಂದು ಉತ್ತರ.

ಸೊಪ್ಪಿನಬೆಟ್ಟ

ನನಗೆ ಮೊದಲನೆಯದೇ ಸರಿ ಕಾಣಲಿಲ್ಲ. ನನ್ನನ್ನು ಕಾಡಿಗೆ ಹೋಗುತ್ತೀರಾ ಅಂತ ಕೇಳಿದರೆ ಇಲ್ಲ ಅನ್ನುತ್ತೇನೆ. ನಮ್ಮ ಮನೆಯಲ್ಲಿ ಯಾರೂ ಕಾಡಿಗೆ ಹೋಗುವುದಿಲ್ಲ. ಆದರೆ ಹೆಂಗಸರು ದಿನ ಬಿಟ್ಟು ದಿನ ದರಗು (ಉದುರಿದ ಒಣ ಎಲೆ) ಗುಡಿಸಲು, ಕೊಟ್ಟಿಗೆಗೆ ಸೊಪ್ಪು ತರಲು ಬೆಟ್ಟಕ್ಕೆ ಹೋಗುತ್ತಾರೆ. ದನ ಅಟ್ಟಿಕೊಂಡು ಹೋಗುತ್ತಾರೆ. ನಮಗೆ ಅದು ಬೆಟ್ಟ, ಕಾಡಲ್ಲ. ಉಣುಗು ಇರುವುದು ಅಲ್ಲೇ. ನಿಮ್ಮ ಲೆಕ್ಕದಲ್ಲಿ ನಾವು ಯಾರೂ ಬರುವುದೇ ಇಲ್ಲ.

ಮಾಸ್ಟರ್ ಚಾರ್ಟ್

11 ವರ್ಷದಲ್ಲಿ ನನಗೆ ಇದು ಹೊಳೆದಿರಲಿಲ್ಲ. ನಾನು ಬಯಲುಸೀಮೆಯವಳು.

ಹೊಸನಗರ ಪಿಜಿ

ಅಣ್ಣಾ, ನಾನು ಇಲ್ಲಿಯವಳೇ. ಅಜ್ಜಿ ಜೊತೆ ದರಗಿಗೆ ಹೋದವಳೇ. ನಾವೂ ಬೆಟ್ಟ ಅಂತಲೇ ಅನ್ನುತ್ತಿದ್ದೆವು. ಪ್ರಶ್ನೆ ಬರೆಯುವಾಗ ಮಾತ್ರ ಪುಸ್ತಕದ ಪದ ಬಂದುಬಿಟ್ಟಿತು. ಇದನ್ನು ಹಾಗೇ ಬಿಟ್ಟು 450 ಜನರನ್ನು ಕೇಳಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಭಯ ಆಗುತ್ತದೆ.

ರಾತ್ರಿ ಡ್ಯೂಟಿ

ವರ್ಕ್‌ಶಾಪ್‌ಗೆ ಹೋಗಬೇಕಾ ಅಂತ ಕೇಳಿದ್ದಿರಿ. ಹೋಗಿ, ಆದರೆ ಈ ಪೈಲಟ್ ಹಾಳೆ ಹಿಡಿದುಕೊಂಡು ಹೋಗಿ. ಖಾಲಿ ಕೈಯಲ್ಲಿ ಹೋದಾಗ ನನಗೆ ಸ್ಲೈಡ್ ಬಿಟ್ಟರೆ ಬೇರೇನೂ ಸಿಕ್ಕಲಿಲ್ಲ. ಬರೆಯುವಾಗ ಸ್ಟ್ರೋಬ್ ಪಟ್ಟಿ (ವರದಿಯಲ್ಲಿ ಏನೇನು ಇರಬೇಕು ಅನ್ನುವ ಪಟ್ಟಿ) ಪಕ್ಕದಲ್ಲಿರಲಿ, ಅದರಲ್ಲಿ 22 ಅಂಶ ಇವೆ. ನಿಮ್ಮಂಥ ಸರ್ವೆಗಳಿಗೆ ಅದೇ ಸರಿ.

ಸೊಪ್ಪಿನಬೆಟ್ಟ

ಯಾವ ತಿಂಗಳಲ್ಲಿ ಬರುತ್ತೀರಿ? ಡಿಸೆಂಬರ್, ಜನವರಿಯಲ್ಲಿ ಹಗಲು ಯಾರೂ ಸಿಗುವುದಿಲ್ಲ, ಕೊಯ್ಲು. ರಾತ್ರಿ ಅಡಿಕೆ ಸುಲಿಯುವಾಗ ಎಲ್ಲರೂ ಒಂದೇ ಕಡೆ ಇರುತ್ತಾರೆ. ಆದರೆ ಅಲ್ಲಿ ಕೇಳಿದರೆ ಒಬ್ಬರ ಉತ್ತರ ಇನ್ನೊಬ್ಬರು ಕೊಡುತ್ತಾರೆ. ಒಬ್ಬೊಬ್ಬರನ್ನೇ ಜಗಲಿಗೆ ಕರೆದು ಕೇಳಿ.

ಹೊಸನಗರ ಪಿಜಿ

ಎರಡು ವಾರದ ಮೇಲೆ ಬರೆಯುತ್ತಿದ್ದೇನೆ. ಗೈಡ್ 450ಕ್ಕೆ ಒಪ್ಪಿದರು. ಪೈಲಟ್ ನಮ್ಮ ಅಜ್ಜಿಯ ಊರಲ್ಲೇ ಮಾಡಿದೆ, ಆ ಊರನ್ನು ಮುಖ್ಯ ಪಟ್ಟಿಯಿಂದ ತೆಗೆದಿದ್ದೇನೆ. 20 ಜನರಿಗೆ ಎರಡೂ ಥರ ಕೇಳಿದೆ. "ಕಾಡಿಗೆ ಹೋಗುತ್ತೀರಾ" ಅಂದಾಗ ಹೌದು ಅಂದವರು 6 ಜನ. "ಕಳೆದ 15 ದಿನದಲ್ಲಿ ದರಗು, ಸೊಪ್ಪು, ಸೌದೆ, ದನ, ಯಾವುದಕ್ಕಾದರೂ ಬೆಟ್ಟಕ್ಕೆ ಹೋಗಿದ್ದಿರಾ" ಅಂದಾಗ 17 ಜನ. ಬಾಟಲಿ ತೋರಿಸಿದವರು 9 ಜನ, ಅದರಲ್ಲಿ 4 ಸೀಲ್ ಒಡೆದಿರಲಿಲ್ಲ.

ಮೇಡಂ, ಈ 20ರ ಹಾಳೆ ಹೆಸರು ತೆಗೆದು ಕಳಿಸಿದ್ದೇನೆ. ತಾರೀಕು ಎಲ್ಲಾ ಒಂದೇ ಥರ ಇದೆ, ನೋಡಿ.

ಅಣ್ಣಾ, ನಿಮ್ಮ ಊರಿನ ಹೆಸರು ಚೀಟಿಯಲ್ಲಿ ಬಂದರೆ ಜನವರಿಯಲ್ಲಿ ಬರುತ್ತೇನೆ. ಬರದಿದ್ದರೆ ಫಲಿತಾಂಶ ಹೇಳಲಾದರೂ ಬರುತ್ತೇನೆ.

ಸೊಪ್ಪಿನಬೆಟ್ಟ

ಬನ್ನಿ. ಕಾಗದದ ಒಂದು ಪ್ರತಿ ತನ್ನಿ.